ಹಳೇ ಪಿಕಪ್ ಡೈರಿ, ಭಾಗ 5: ಅಂದಾಜಿಗೆ ಪಾರ್ಟ್ ಬದಲಾಯಿಸಬೇಡ್ರಪ್ಪಾ!

(1/6)
ನಮ್ಮ ಕ್ಲಾಸಿನವರು ಸಿಕ್ಕಾಗಲೆಲ್ಲ ಕೇಳೋದು ಒಂದೇ: "12 ವರ್ಷದ ಹಳೇ ಪಿಕಪ್ ಯಾಕೋ ತಗೊಂಡೆ ಮಗಾ? ಮೆಕ್ಯಾನಿಕ್ ಮನೆ ಉದ್ಧಾರ ಮಾಡೋಕಾ?"

ಅಮ್ಮನ ಚೀಟಿ ದುಡ್ಡು, ನನ್ನ ಎರಡು ವರ್ಷದ ಉಳಿತಾಯ ಎಲ್ಲ ಸೇರಿ ಕೈಯಲ್ಲಿದ್ದದ್ದು ಮೂರು ಲಕ್ಷ. ಹೊಸ ಗಾಡಿಗೆ ಹೋದ್ರೆ ತಿಂಗಳು ತಿಂಗಳು ಕಂತು. ಟೊಮೇಟೊ ರೇಟು ನೆಲ ಕಚ್ಚಿದ ತಿಂಗಳೂ ಕಂತು ಕಟ್ಟಲೇಬೇಕು. ಅದಕ್ಕೇ ಹಳೇದು. ತಪ್ಪು ಮಾಡಿಲ್ಲ ಅಂತ ಈಗಲೂ ಹೇಳ್ತೀನಿ. ಆದ್ರೆ ಒಂದು ಪಾಠಕ್ಕೆ ಹನ್ನೊಂದು ಸಾವಿರ ಫೀಸು ಕಟ್ಟಿದ್ದೀನಿ. ನೀವು ಕಟ್ಟಬಾರದು ಅಂತ ಈ ಪೋಸ್ಟು.

(2/6)
ಹೋದ ತಿಂಗಳು, ಬೆಳಗಿನ ಜಾವ ಮೂರು ಗಂಟೆ. ಹದಿನೈದು ಕೆಜಿಯ 70 ಬಾಕ್ಸ್ ಟೊಮೇಟೊ ಲೋಡ್ ಆಗಿದೆ, ಕೋಲಾರ ಎಪಿಎಂಸಿಗೆ ಹೊರಡಬೇಕು. ಕೀ ತಿರುಗಿಸಿದೆ. "ಟಕ್" ಅಂತ ಒಂದು ಸದ್ದು, ಅಷ್ಟೇ. ಅಪ್ಪ ಟಾರ್ಚ್ ಹಿಡ್ಕೊಂಡು ನಿಂತಿದ್ರು, ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿ, ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಿ ಹೋದ್ವಿ.

ವಾಪಸ್ ಬರ್ತಾ ಮೆಕ್ಯಾನಿಕ್ ಹತ್ರ ಹೋದೆ. ಬ್ಯಾಟರಿ ಹೋಗಿದೆ ಅಂದ್ರು. ಏಳು ಸಾವಿರ. ಎರಡೇ ದಿನಕ್ಕೆ ಮತ್ತೆ "ಟಕ್". ಹಾಗಾದ್ರೆ ಸೆಲ್ಫ್ ಮೋಟರ್ ಇರ್ಬೇಕು ಅಂದ್ರು. ಬಿಚ್ಚಿ ರಿಪೇರಿ ಮಾಡ್ಸಿದ್ದಕ್ಕೆ ನಾಲ್ಕು ಸಾವಿರ. ವಾರ ಕಳೀತು, ಮತ್ತೆ "ಟಕ್".

ಕೊನೆಗೆ ವೈರಿಂಗ್ ಕೆಲಸದ ಒಬ್ಬ ಹಿರಿಯರು ಮೀಟರ್ ಇಟ್ಟು ನೋಡಿದ್ರು. ಬ್ಯಾಟರಿಯಿಂದ ಇಂಜಿನ್‌ಗೆ ಹೋಗೋ ಅರ್ತ್ ಕೇಬಲ್ ಒಳಗೇ ತುಕ್ಕು ಹಿಡಿದು ಹಸಿರಾಗಿತ್ತು. ಹೊಸ ಕೇಬಲ್‌ಗೆ 350 ರೂಪಾಯಿ. (ಮೂರನೇ ಫೋಟೋ ಅದೇ.)

ಮೊದಲಿನ ಮೆಕ್ಯಾನಿಕ್‌ನ ಬೈಯಲ್ಲ. "ಅಣ್ಣಾ, ಬೇಗ ಮಾಡ್ಕೊಡಿ, ನಾಳೆ ಲೋಡ್ ಇದೆ" ಅಂತ ಅವಸರ ಮಾಡಿದವನು ನಾನೇ. ಅವಸರದಲ್ಲಿ ಯಾರಾದ್ರೂ ಅಂದಾಜೇ ಹೇಳ್ತಾರೆ.

(3/6)
ನನ್ನ ಅಭಿಪ್ರಾಯ ಇಷ್ಟು: ಹಳೇ ಗಾಡಿ ಇಟ್ಟವರು ಮೊದಲು ತಗೋಬೇಕಾದದ್ದು ಮ್ಯೂಸಿಕ್ ಸಿಸ್ಟಮ್ ಅಲ್ಲ, ಒಂದು ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತೆ. 12 ವೋಲ್ಟ್ ಗಾಡಿಯಲ್ಲಿ ನೋಡಬೇಕಾದ್ದು ನಾಲ್ಕೇ ಲೆಕ್ಕ:

• ರಾತ್ರಿಯಿಡೀ ನಿಂತ ಗಾಡಿ, ಬೆಳಿಗ್ಗೆ ಬ್ಯಾಟರಿ: 12.6 ಆಸುಪಾಸು ಇದ್ರೆ ಫುಲ್. 12ಕ್ಕಿಂತ ಕೆಳಗಿದ್ರೆ ಚಾರ್ಜ್ ಇಲ್ಲ.
• ಇಂಜಿನ್ ಓಡ್ತಿರುವಾಗ: 13.8ರಿಂದ 14.4. ಇದು ಬರದಿದ್ರೆ ಆಲ್ಟರ್ನೇಟರ್, ಬೆಲ್ಟ್ ನೋಡಿ.
• ಸೆಲ್ಫ್ ಹೊಡೆಯುವಾಗ: ಫುಲ್ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಕುಸಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡಿ.
• ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಅರ್ತ್ ಸರಿಯಿಲ್ಲ. ನನ್ನ ಕಥೆ ಇದೇ.

ಸೆಲ್ಫ್ ಹೊಡೆಸೋ ಮುಂಚೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡ್ರೆ ಮೊದಲು ಅದನ್ನ ಉಜ್ಜಿ ತೆಗೀರಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಮುಗಿಯುತ್ತೆ.

(4/6)
ಮೀಟರ್ ಇಲ್ಲದೇನೂ ಗಾಡಿ ಮಾತಾಡುತ್ತೆ. ಡೀಸೆಲ್ ಗಾಡಿ ಹೊಗೆ ನೋಡಿ. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ ಇಲ್ಲಾ ಡೀಸೆಲ್ ಜಾಸ್ತಿ ಹೋಗ್ತಿದೆ. ಇಂಜೆಕ್ಟರ್ ಬಿಚ್ಚಿಸೋ ಮುಂಚೆ ಏರ್ ಫಿಲ್ಟರ್ ತೆಗೆದು ನೋಡಿ. ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಸುಡ್ತಿದೆ. ಚಳಿ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತ್ರೆ ಗಾಬರಿ ಬೇಡ. ಬಿಸಿಯಾದ ಮೇಲೂ ಬರ್ತಾ ಇದ್ದು, ಕೂಲೆಂಟ್ ಕಮ್ಮಿ ಆಗ್ತಿದ್ರೆ ಗಾಡಿ ನಿಲ್ಲಿಸಿ ತೋರಿಸಿ.

ಓಡ್ತಾ ಓಡ್ತಾ ಎಳೆತ ಕಮ್ಮಿ ಆದ್ರೆ ಡೀಸೆಲ್ ಫಿಲ್ಟರ್ ನೀರು ಡ್ರೈನ್ ಮಾಡಿ ನೋಡಿ. ಇಂಜಿನ್ ಕಾದ್ರೆ ಕೂಲೆಂಟ್, ಬೆಲ್ಟ್, ಫ್ಯಾನ್, ರೇಡಿಯೇಟರ್ ಕ್ಯಾಪ್, ಆಮೇಲೆ ಥರ್ಮೋಸ್ಟಾಟ್. ಕಾದ ರೇಡಿಯೇಟರ್ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ, ಮುಖ ಸುಟ್ಟುಕೊಳ್ತೀರ.

ಕಮ್ಮಿ ಖರ್ಚಿನ ಕಾರಣ ಮೊದಲು, ಜಾಸ್ತಿ ಖರ್ಚಿನದ್ದು ಕೊನೆಗೆ. ಇಷ್ಟೇ ಸೂತ್ರ.

(5/6)
ಇನ್ನೂ ತಗೊಂಡಿಲ್ಲದವರಿಗೆ: ಇದ್ದ ದುಡ್ಡೆಲ್ಲ ಗಾಡಿಗೇ ಸುರೀಬೇಡಿ. ಐದರಲ್ಲೊಂದು ಪಾಲು ಎತ್ತಿಡಿ. ಮೊದಲ ಖರ್ಚು ಬ್ರೇಕು, ಟೈರು, ಆಯಿಲು, ಫಿಲ್ಟರು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ, ವಯಸ್ಸು ನೋಡಿ. ಗಾಡಿ ನೋಡೋಕೆ ಹೋದಾಗ ಬಾನೆಟ್ ಮುಟ್ಟಿ. ಬೆಚ್ಚಗಿದ್ರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಇನ್ನೊಂದಿನ ತಣ್ಣಗಿದ್ದಾಗ ಹೋಗಿ.

ಕಾಗದ: ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ಆದ್ಮೇಲೆ ವರ್ಷ ವರ್ಷ ಎಫ್‌ಸಿ ಆಗ್ಬೇಕು. ಎಫ್‌ಸಿ ಇಲ್ಲದ ಗಾಡಿ ಕಾನೂನಿನ ಲೆಕ್ಕದಲ್ಲಿ ರಿಜಿಸ್ಟರ್ ಆಗದ ಗಾಡಿ ಇದ್ದಂಗೆ. ಮೇಲೆ ಸಾಲ ಇದ್ರೆ ಬ್ಯಾಂಕ್ ಎನ್‌ಒಸಿ, ಫಾರಂ 35 ಇಸ್ಕೊಳ್ಳಿ. ಹೆಸರು ಬದಲಾವಣೆಗೆ ಫಾರಂ 29, 30. "ಆಮೇಲೆ ಮಾಡ್ಸೋಣ" ಅನ್ನೋರಿಗೆ ದುಡ್ಡೂ ಆಮೇಲೆ ಕೊಡಿ. ಲೈಸೆನ್ಸ್ ಬಗ್ಗೆ ಕೇಳಿದವರಿಗೆ: ಒಟ್ಟು ತೂಕ 7,500 ಕೆಜಿ ದಾಟದ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

(6/6)
ಹಳೇ ಗಾಡಿ ಎಲ್ಲರಿಗೂ ಅಲ್ಲ, ಒಪ್ಕೋತೀನಿ. ದಿನಾ ಇನ್ನೂರು ಮುನ್ನೂರು ಕಿಲೋಮೀಟರ್ ಬಾಡಿಗೆ ಓಡ್ಸೋರು, ಒಂದು ದಿನ ನಿಂತ್ರೂ ಗಿರಾಕಿ ಕಳ್ಕೊಳ್ಳೋರು ಹೊಸದರ ಲೆಕ್ಕಾನೂ ಹಾಕಿ ನೋಡಿ. ನನ್ನಂಗೆ ವಾರಕ್ಕೆ ಮೂರು ಟ್ರಿಪ್ ಇರೋರಿಗೆ, ಕೈ ಕೊಳೆ ಮಾಡ್ಕೊಳ್ಳೋಕೆ ಬೇಜಾರಿಲ್ಲದವರಿಗೆ ಹಳೇದೇ ಸರಿ. ಆದ್ರೆ ಇನ್ನಿಪ್ಪತ್ತು ಬಾಕ್ಸ್ ಹಾಕೋಣ ಅನ್ನೋ ಆಸೆ ಬಿಡಬೇಕು. ಹಳೇ ಬ್ರೇಕಿಗೆ ಆ ಇಪ್ಪತ್ತು ಬಾಕ್ಸಿನ ಲಾಭ ಗೊತ್ತಾಗಲ್ಲ, ತೂಕ ಮಾತ್ರ ಗೊತ್ತಾಗುತ್ತೆ.

ಗ್ಯಾರೇಜಿಗೆ ಹೋದಾಗ ಮರ್ಯಾದೆಯಿಂದಲೇ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಇದೇ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು? ಒಂಚೂರು ಚೆಕ್ ಮಾಡಿ ತೋರಿಸ್ತೀರಾ?" ಕೆಲಸ ಗೊತ್ತಿರೋರು ಖುಷಿಯಾಗಿ ತೋರಿಸ್ತಾರೆ. ತೋರಿಸದಿದ್ರೆ ಗಾಡಿ ಬೇರೆ ಕಡೆ ತಿರುಗಿಸಿ.

ಡ್ಯಾಶ್‌ಬೋರ್ಡ್ ಮೇಲೆ ಈಗ ನಂದೊಂದು ನೋಟ್‌ಬುಕ್ ಇದೆ. ತಾರೀಖು, ಕಿಲೋಮೀಟರ್, ಏನಾಯ್ತು, ಏನು ಮಾಡಿದ್ವಿ, ಎಷ್ಟಾಯ್ತು. ಮೊದಲ ಪುಟದಲ್ಲಿ ಅಪ್ಪ ತಾವೇ ಬರೆದಿದ್ದಾರೆ: "ಅರ್ತ್ ಕೇಬಲ್, 350." ಪಕ್ಕದಲ್ಲಿ ಆ ಹನ್ನೊಂದು ಸಾವಿರ ಬರೆದಿಲ್ಲ. ನನಗೋಸ್ಕರ ಬಿಟ್ಟಿದ್ದಾರೆ ಅನ್ಸುತ್ತೆ.

ನೀವು ಅಂದಾಜಿಗೆ ಬದಲಾಯಿಸಿ ಕೈ ಸುಟ್ಕೊಂಡ ಪಾರ್ಟ್ ಯಾವ್ದು? ಕೆಳಗೆ ಬರೀರಿ. ಮುಂದಿನ ಭಾಗ: ಬ್ರೇಕ್.

#ಹಳೇಪಿಕಪ್‌ಡೈರಿ #ಮೊದಲುಚೆಕ್‌ಮಾಡಿ