ಅರಸರ ಅಳತೆಯ ಬಾಳು

'ಲಿವ್ ಲೈಫ್ ಕಿಂಗ್ ಸೈಜ್' ಎಂಬ ಇಂಗ್ಲಿಷ್ ನುಡಿ ನಮ್ಮ ನಗರಗಳ ವ್ಯವಹಾರದಲ್ಲಿ ಈಗ ಸುಭಾಷಿತದ ಪದವಿಯನ್ನೇ ಪಡೆದುಕೊಂಡಿದೆ. ನಿವೇಶನ ಮಾರುವವರ ಫಲಕದಲ್ಲಿ, ರೆಸಾರ್ಟಿನ ಕರಪತ್ರದಲ್ಲಿ, ಹುಟ್ಟುಹಬ್ಬದ ಹಾರೈಕೆಯಲ್ಲಿ, ಕಡೆಗೆ ತೀರಿಹೋದವರ ಗುಣಕಥನದಲ್ಲಿಯೂ ಅದು ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳುತ್ತದೆ. ಬದುಕನ್ನು ಪೂರ್ಣವಾಗಿ ಅನುಭವಿಸಬೇಕೆಂಬ ಸದುಪದೇಶ ಅದರಲ್ಲಿದೆಯೆಂದು ಭಾವಿಸಿ ಅದನ್ನು ಉಚ್ಚರಿಸುವವರಲ್ಲಿ ಅನೇಕರಿಗೆ, ನಮ್ಮ ದೇಶದಲ್ಲಿ ಅದನ್ನು ಮನೆಮಾತಾಗಿಸಿದ್ದು ಯಾವ ದಾರ್ಶನಿಕನೂ ಅಲ್ಲ, ಗಾಡ್‌ಫ್ರೇ ಫಿಲಿಪ್ಸ್ ಇಂಡಿಯಾ ಕಂಪನಿಯ ಫೋರ್ ಸ್ಕ್ವೇರ್ ಸಿಗರೇಟಿನ ಜಾಹೀರಾತು ಎಂಬ ಸಂಗತಿ ನೆನಪಿನಲ್ಲಿ ಉಳಿದಂತೆ ತೋರುವುದಿಲ್ಲ.

ಆ ಉದ್ಯಮದ ಪರಿಭಾಷೆಯಲ್ಲಿ ಕಿಂಗ್ ಸೈಜ್ ಎಂದರೆ ಸುಮಾರು 84 ಮಿಲಿಮೀಟರ್ ಉದ್ದದ ಸಿಗರೇಟು. ಸಾಮಾನ್ಯ ಸಿಗರೇಟಿಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚಿನ ಈ ಉದ್ದಕ್ಕೆ ರಾಜವೈಭವದ ಆರೋಪ ಮಾಡಿ, ಮಧ್ಯಮವರ್ಗದ ತರುಣನ ಮನಸ್ಸಿನಲ್ಲಿ ಸಿಂಹಾಸನವೊಂದನ್ನು ನಿರ್ಮಿಸಿದ ಜಾಹೀರಾತುಗಾರರ ಪ್ರತಿಭೆಯನ್ನು ಅಲ್ಲಗಳೆಯಲಾಗದು. ದಾಂಪತ್ಯದ ಅನ್ಯೋನ್ಯತೆಯನ್ನು ವಿಲ್ಸ್ ಸಿಗರೇಟು ತನ್ನ ಪ್ರಚಾರದ ಮುಖವಾಗಿಸಿಕೊಂಡಿತು; 1996ರ ಕ್ರಿಕೆಟ್ ವಿಶ್ವಕಪ್ಪಿಗೂ ಅದೇ ಹೆಸರಿತ್ತು. ಪ್ರೇಮ, ಕ್ರೀಡೆ, ಸ್ವಾತಂತ್ರ್ಯ, ಐಶ್ವರ್ಯ, ಹೀಗೆ ಮನುಷ್ಯನಿಗೆ ಪ್ರಿಯವಾದುವೆಲ್ಲ ಒಂದೊಂದಾಗಿ ಹೊಗೆಯ ಸೇವೆಗೆ ನಿಯುಕ್ತವಾದುವು.

ಇತ್ತ ವಿಜ್ಞಾನವು ಬೇರೆಯೇ ಲೆಕ್ಕವನ್ನು ಬರೆಯುತ್ತಲಿತ್ತು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷಗಳ ಕಾಲ ಗಮನಿಸಿ, ರಿಚರ್ಡ್ ಡಾಲ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಿಗರೇಟನ್ನು ಬಿಡದೆ ಸೇದಿದ ಪುರುಷರು ಎಂದೂ ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮುಂಚಿತವಾಗಿ ಮೃತರಾದರು; 30ರ ವಯಸ್ಸಿನ ಸುಮಾರಿಗೆ ಬಿಟ್ಟವರಿಗಾದರೋ ಆ ನಷ್ಟ ಬಹುಮಟ್ಟಿಗೆ ತಪ್ಪಿತು. ಬಾಳನ್ನು ಅರಸರ ಅಳತೆಗೆ ಹಿಗ್ಗಿಸುವೆನೆಂದ ಪದಾರ್ಥವು ಆಯುಷ್ಯದ ಒಂದು ದಶಕವನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ಅದೇ 2004ರ ಮೇ 1ರಿಂದ, ಹಿಂದಿನ ವರ್ಷ ಸಂಸತ್ತು ಅಂಗೀಕರಿಸಿದ್ದ ಕಾಯಿದೆಯ ಮೇರೆಗೆ, ನಮ್ಮಲ್ಲಿ ತಂಬಾಕಿನ ಜಾಹೀರಾತು ನಿಷಿದ್ಧವಾಯಿತು. ಪತ್ರಿಕೆಯ ಪುಟದಿಂದ ಸಿಗರೇಟು ನಿರ್ಗಮಿಸಿತು. ಅದರ ಮಂತ್ರ ಮಾತ್ರ ಜನರ ನಾಲಗೆಯ ಮೇಲೆ ಉಳಿಯಿತು.

ಸಿಗರೇಟಿಗೆ ಬೇಕಾದ ಹೊಗೆಸೊಪ್ಪನ್ನು ಬೆಳೆಯುವವರ ಬಾಳಾದರೂ ರಾಜಯೋಗ್ಯವಾಗಿದೆಯೆ ಎಂದು ಕೇಳಿಕೊಂಡರೆ, ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ರೈತರು ಮುಂಗಾರನ್ನು ನಂಬಿ ಸಸಿ ನೆಟ್ಟು, ಬ್ಯಾರನ್ನಿನಲ್ಲಿ ಸೌದೆ ಉರಿಸಿ ಸೊಪ್ಪು ಬೇಯಿಸಿ, ಹರಾಜು ಮಾರುಕಟ್ಟೆಯಲ್ಲಿ ಬೇಲುಗಳ ಪಕ್ಕದಲ್ಲಿ ನಿಂತು ದರಕ್ಕಾಗಿ ಕಾಯುತ್ತಾರೆ. ತೇವದ ಎಲೆಯನ್ನು ಮುರಿಯುವ ಕೂಲಿಯವರ ಚರ್ಮದ ಮೂಲಕ ನಿಕೋಟಿನ್ ದೇಹವನ್ನು ಸೇರಿ, ತಲೆಸುತ್ತು ವಾಕರಿಕೆಗಳನ್ನು ತರುವುದೂ ಉಂಟು.

ಭೋಗವೇ ತ್ಯಾಜ್ಯವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಕಾಮವನ್ನು ಪುರುಷಾರ್ಥಗಳಲ್ಲಿ ಎಣಿಸಿದ ನಮ್ಮ ಪೂರ್ವಿಕರು ಸುಖದ ವೈರಿಗಳಾಗಿರಲಿಲ್ಲ. ಅದಕ್ಕೆ ಧರ್ಮದ ನೆರೆಯನ್ನು ಕಲ್ಪಿಸಿದರು, ಅಷ್ಟೆ. ಅರಸನೆಂಬ ಮಾತು ಬಂದುದರಿಂದ, ಅರಸರಾಗಿಯೇ ಬಾಳಿದವರೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತ. 1940ರಲ್ಲಿ ಕಾಲವಾದ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಸುಖವನ್ನು ಅರಿಯದವರಲ್ಲ. ಅಂಬಾವಿಲಾಸ ಅರಮನೆಯ ವೈಭವ ಅವರ ಸುತ್ತಲೂ ಇದ್ದಿತು, ಸಂಗೀತವನ್ನು ಕೇಳಿ ತಣಿದುದಲ್ಲದೆ ವಾದ್ಯಗಳನ್ನು ತಾವೇ ಅಭ್ಯಾಸ ಮಾಡಿ ನುಡಿಸಬಲ್ಲವರಾಗಿದ್ದರು. ಆದರೂ ಈ ನಾಡು ಅವರನ್ನು ನೆನೆಯುವುದು ಕನ್ನಂಬಾಡಿ ಅಣೆಕಟ್ಟಿನ ನೀರಿನಿಂದ, 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದಿಂದ. ಅವರ ಆನಂದಕ್ಕೆ ಅಭ್ಯಾಸದ ಶ್ರಮವಿತ್ತು, ಅಧಿಕಾರಕ್ಕೆ ಪರಹಿತದ ಗುರಿಯಿತ್ತು. ಇವೆರಡನ್ನೂ ಬಿಟ್ಟು ಸಿಂಹಾಸನದ ಗಾತ್ರವೊಂದನ್ನೇ ಅನುಕರಿಸ ಹೊರಟವನಿಗೆ ದಕ್ಕುವುದು ರಾಜನ ವೆಚ್ಚವೇ ಹೊರತು ರಾಜನ ಬಾಳಲ್ಲ.

ಸಾಲ ಮಾಡಿಯಾದರೂ ತುಪ್ಪ ತಿನ್ನೆಂದ ಚಾರ್ವಾಕನನ್ನು ನಾವು ಹಾಸ್ಯ ಮಾಡುತ್ತೇವೆ. ಮೂರು ದಿನದ ಮದುವೆಗೆಂದು ಮೂವತ್ತು ಕಂತುಗಳ ಸಾಲ ಕೊಡುವವರ ಮುಂದೆ ಅವನು ಎಷ್ಟೋ ಮಿತವ್ಯಯಿ. ಸಿಗರೇಟಿನ ವಿಷಯಕ್ಕೇ ಮರಳಿದರೆ, ನಮ್ಮ ರಾಜ್ಯವು 2024ರ ತಿದ್ದುಪಡಿಯಿಂದ ಸಿಗರೇಟು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಹುಕ್ಕಾ ಬಾರುಗಳನ್ನು ನಿಷೇಧಿಸಿರುವುದು ಶ್ಲಾಘನೀಯ. ಆದರೆ ಸುಖವೆಂದರೆ ಕೊಳ್ಳತಕ್ಕ ವಸ್ತುವಿನ ಗಾತ್ರವೆಂಬ ನಂಬಿಕೆಯನ್ನು ಯಾವ ಕಾಯಿದೆಯೂ ನಿಷೇಧಿಸಲಾರದು. ಅದನ್ನು ಬಿಡಿಸುವುದು ಮನೆಯ ಹಿರಿಯರ ಕೆಲಸ. ಮಕ್ಕಳು ಸಂತೋಷವಾಗಿ ಬಾಳಲಿ ಎಂದು ಧಾರಾಳವಾಗಿ ಹರಸೋಣ. ಹರಸುವ ಮಾತನ್ನು ಮಾತ್ರ ಹೊಗೆ ಮಾರುವವರಿಂದ ಎರವಲು ತರುವುದು ಬೇಡ.