ಎರಡಾಣೆಯ ಸ್ವಾವಲಂಬನೆ

ನಡತೆ, ಸ್ವಾವಲಂಬನೆ ಎಂಬ ಮಾತು ಬಂದ ಕೂಡಲೇ ನಮ್ಮವರು ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆ ತೆಗೆಯುತ್ತಾರೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಬತ್ತಿ. ಕಥೆ ನಿಜವೋ, ನಮ್ಮ ಮೇಷ್ಟ್ರುಗಳು ಕಟ್ಟಿದ್ದೋ, ಇರಲಿ. ಹೈದರಾಬಾದಿನಲ್ಲಿರುವ ನಮಗೆ ಅವರನ್ನು ನೆನೆಯಲು ಕಥೆಯೇ ಬೇಕಿಲ್ಲ; 1908ರ ಮೂಸಿ ಪ್ರವಾಹದ ನಂತರ ಅವರು ಹಾಕಿಕೊಟ್ಟ ಯೋಜನೆಯ ಕೆರೆಗಳು ಕಣ್ಣೆದುರಿಗೇ ಇವೆ. ಆದರೆ ದಿನಗೂಲಿಯವನಿಗೆ ಈ ಕಥೆ ಹೇಳಿ ಏನು ಪ್ರಯೋಜನ? ಅವನ ಮನೆಯಲ್ಲಿರುವುದೇ ಒಂದು ಬತ್ತಿ!

ನನ್ನ ಮಟ್ಟಿಗೆ ಸ್ವಾವಲಂಬನೆಯ ಒಳ್ಳೆಯ ಪಾಠ ಉಡುಪಿಯದು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರುಮಾಡಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ರೂಪಾಯಿಯಲ್ಲಿ ಎಂಟನೇ ಒಂದು ಪಾಲು! ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವನ ಹೆಸರಿನಲ್ಲೂ ಒಂದು ಖಾತೆ.

ನಾವು ಬಿ.ಕಾಂ.ನವರು ಉಳಿತಾಯವೆಂದರೆ ಆದಾಯದಲ್ಲಿ ಖರ್ಚು ಕಳೆದು ಮಿಕ್ಕಿದ್ದು ಎಂದು ಓದಿದವರು. ಪಿಗ್ಮಿ ಇದನ್ನು ತಿರುಗಿಸಿಬಿಟ್ಟಿತು. ಸಂಜೆ ಏಜೆಂಟು ಬರುತ್ತಾನೆ, ಅವನಿಗೆ ಕೊಡಲು ಎರಡಾಣೆ ಎತ್ತಿಟ್ಟುಕೊಳ್ಳಬೇಕು, ಉಳಿದದ್ದರಲ್ಲಿ ಸಂಸಾರ. ಒಂದು ದಿನ ಬೀಡಿಗೋ ಚಹಾಕ್ಕೋ ‘ಇವತ್ತು ಬೇಡ’ ಎನ್ನುವುದು ದೊಡ್ಡದಲ್ಲ. ದಿನಾ ಅನ್ನಬೇಕಲ್ಲ, ಅಲ್ಲಿ ಬೆಳೆಯುವುದು ನಡತೆ. ಕೂಡಿಟ್ಟದ್ದನ್ನು ಮಗಳ ಪುಸ್ತಕಕ್ಕೆ ತೆಗೆಯಬೇಕೋ ಜಾತ್ರೆಗೆ ತೆಗೆಯಬೇಕೋ ಎಂದು ತೂಗುವುದಕ್ಕೆ ವಿವೇಕ ಬೇಕು. ಬರೀ ಕೂಡಿಡುವುದಾದರೆ ಜಿಪುಣನಿಗೂ ಬರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಈ ಸ್ವಾವಲಂಬನೆ ನಿಂತಿದ್ದು ಇನ್ನೊಬ್ಬನ ಕಾಲಿನ ಮೇಲೆ. ಬಿಸಿಲು ಮಳೆ ಎನ್ನದೆ ತಿರುಗಿದ ಏಜೆಂಟರಿಗೆ ಸಿಗುತ್ತಿದ್ದುದು ಕಮಿಷನ್ನು. ಅವರೂ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟು ಹೇಳಲು 2001 ಬರಬೇಕಾಯಿತು! ಯಾರ ಹಂಗೂ ಇಲ್ಲದೆ ಬೆಳೆದೆ ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಈ ಏಜೆಂಟರು ನೆನಪಾಗುತ್ತಾರೆ.

ಈಗ ನಮ್ಮ ಬಾಲಾನಗರಕ್ಕೆ ಬನ್ನಿ. ಗಲ್ಲಿ ಗಲ್ಲಿಯಲ್ಲಿ ಲೇತ್ ಶೆಡ್ಡುಗಳು. ಕೂದಲೆಳೆಯಷ್ಟೂ ತಪ್ಪದಂತೆ ಕಬ್ಬಿಣ ಕೊರೆಯುವ ಹುಡುಗರು. ಕೈಯಲ್ಲಿ ಅಂಥ ವಿದ್ಯೆ ಇದ್ದೂ ಖಾತೆಯಲ್ಲಿ ಏನೂ ಇರುವುದಿಲ್ಲ. ಸಂಬಳ ಬಂದ ನಾಲ್ಕು ದಿನಕ್ಕೆ ಫೋನಿನ ಕಂತು, ಬೈಕಿನ ಕಂತು. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ಅದಕ್ಕೊಂದು ದಂಡ. ಈ ಊರಿನಲ್ಲೇ 2020ರ ಡಿಸೆಂಬರಿನಲ್ಲಿ ಸಾಲದ ಆ್ಯಪುಗಳ ಕಾಟಕ್ಕೆ ಜನ ಪ್ರಾಣ ಕಳೆದುಕೊಂಡದ್ದು, ಪೊಲೀಸರು ಹಲವರನ್ನು ಹಿಡಿದದ್ದು ನಿಮಗೂ ನೆನಪಿರಬಹುದು. 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮಗಳನ್ನೇನೋ ತಂದಿತು. ಆದರೆ ಸಾಲ ಇವತ್ತಿಗೂ ಬಾಗಿಲಿಗೆ, ಅಲ್ಲಲ್ಲ, ಅಂಗೈಗೇ ಬರುತ್ತದೆ. ಉಳಿತಾಯ ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು.

ಅಂಥ ಒಬ್ಬ ಹುಡುಗನಿಗೆ, ‘ಫೋನಿನಲ್ಲೇ ಆರ್‌ಡಿ ಮಾಡಿಕೊಳ್ಳಪ್ಪ’ ಎಂದೆ. ‘ಮಾಡಿದ್ದೆ ಸಾರ್, ಮೂರನೇ ತಿಂಗಳು ಮುರಿದೆ. ಫೋನು ಯಾಕೆ ಅಂತ ಕೇಳಲಿಲ್ಲ’ ಎಂದ. ಪಿಗ್ಮಿ ಏಜೆಂಟು ಕೇಳುತ್ತಿದ್ದ. ಓಣಿಯ ನಾಲ್ಕು ಜನರೆದುರಿಗೆ ‘ಯಾಕೆ ಮಾರಾಯ್ರೇ, ಇವತ್ತು ಇಲ್ವಾ?’ ಎಂದು ಕೇಳಿದರೆ ಮನುಷ್ಯನಿಗೆ ಒಂದಿಷ್ಟು ನಾಚಿಕೆಯಾಗುತ್ತದೆ. ಆ ನಾಚಿಕೆಗೂ ಬೆಲೆಯಿತ್ತು.

ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕರಾವಳಿಯ ಸಹಕಾರಿ ಸಂಘಗಳು ಪಿಗ್ಮಿಯನ್ನು ಇನ್ನೂ ಉಳಿಸಿಕೊಂಡಿವೆ. ಬಾಲಾನಗರದ ಶೆಡ್ಡುಗಳಿಗೂ ಸಂಜೆ ಹೊತ್ತು ಹಾಗೆ ಯಾರಾದರೂ ಬರಬೇಕು, ಸರಿಯಾದ ಸಂಬಳದ ಮೇಲೆ. ನಮ್ಮ ಮೀಟಿಂಗಿನಲ್ಲಿ ಇದನ್ನು ಹೇಳಿದರೆ ಮೊದಲು ಕೇಳುವುದು ಖರ್ಚಿನ ಲೆಕ್ಕ. ಕಂತು ವಸೂಲಿಗೆ ಮನೆ ಮನೆಗೆ ಜನ ಕಳಿಸುವಾಗ ಆ ಲೆಕ್ಕ ಯಾರೂ ಕೇಳುವುದಿಲ್ಲ, ನೋಡಿ.