ಮಲಮಗುವಿನ ದತ್ತು: ಶುಲ್ಕ ಅಗ್ಗ, ಸುತ್ತಾಟ ದುಬಾರಿ

ಮಲತಂದೆಯೊಬ್ಬ ಹೆಂಡತಿಯ ಮೊದಲ ಮದುವೆಯ ಮಗುವನ್ನು ಹತ್ತು ವರ್ಷ ಸಾಕಿ, ಫೀಸು ಕಟ್ಟಿ ಓದಿಸಿ, ಉಯಿಲು ಬರೆಯದೆ ತೀರಿಕೊಂಡನೆಂದುಕೊಳ್ಳಿ. ಅವನ ಆಸ್ತಿಯಲ್ಲಿ ಆ ಮಗುವಿಗೆ ಚಿಕ್ಕಾಸೂ ಬರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಲಮಗ, ಮಲಮಗಳು ಗಂಡಸಿನ ವಾರಸುದಾರರಲ್ಲ. ಮಲತಾಯಿಗೆ ಗಂಡನಾಗಲಿ ಸ್ವಂತ ಮಕ್ಕಳಾಗಲಿ ಇಲ್ಲದಿದ್ದರೆ ಮಾತ್ರ, ‘ಗಂಡನ ವಾರಸುದಾರರು’ ಎಂಬ ಬಳಸು ಹಾದಿಯಲ್ಲಿ ಅವಳ ಆಸ್ತಿ ಮಲಮಕ್ಕಳಿಗೆ ಬರಬಹುದು. ಅದೇ ವರ್ಷ ಜಾರಿಗೆ ಬಂದ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯು ಸ್ವಾಭಾವಿಕ ಪೋಷಕರು ಯಾರೆಂದು ಹೇಳುವಾಗ ತಂದೆ, ತಾಯಿ ಎಂದರೆ ಮಲತಂದೆ, ಮಲತಾಯಿ ಅಲ್ಲ ಎಂದು ಬಿಡಿಸಿ ಹೇಳುತ್ತದೆ.

ಇದೇ ಮಲತಂದೆಗೆ ವಯಸ್ಸಾದಾಗ ಕಾನೂನಿನ ವರಸೆ ಬದಲಾಗುತ್ತದೆ. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯು ‘ಪೋಷಕರು’ ಎಂಬುದರೊಳಗೆ ಮಲತಂದೆ, ಮಲತಾಯಿಯನ್ನೂ ಸೇರಿಸಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೂ ಮಕ್ಕಳಿಲ್ಲದ ಮಲತಾಯಿಗೆ ಮಲಮಕ್ಕಳಿಂದ ಜೀವನಾಂಶ ಕೇಳುವ ಹಕ್ಕನ್ನು ಆಗಲೇ ಕೊಟ್ಟಿತ್ತು. ಆದಾಯ ತೆರಿಗೆ ಕಾಯ್ದೆಗೂ ‘ಮಗು’ ಎಂದರೆ ಮಲಮಗುವೂ ಹೌದು. ಕೇಳುವ ಹೊತ್ತಿನಲ್ಲಿ ಮಗ, ಕೊಡುವ ಹೊತ್ತಿನಲ್ಲಿ ಪರರ ಮನೆಯ ಹುಡುಗ!

ಈ ಇಬ್ಬಂದಿಯಿಂದ ಮಗುವನ್ನು ಪಾರುಮಾಡುವ ಗಟ್ಟಿ ದಾರಿ ದತ್ತು. ಅದಕ್ಕೆ ಎಷ್ಟು ಖರ್ಚಾದೀತು ಎಂಬುದೇ ಹೆಚ್ಚಿನವರ ಮೊದಲ ಪ್ರಶ್ನೆ. ಸರ್ಕಾರಕ್ಕೆ ಕಟ್ಟಬೇಕಾದ ಹಣ ತೀರಾ ಕಡಿಮೆ. ಜನ ಸೋಲುವುದು ಏಳು ದಶಕ ಹಳೆಯ ಷರತ್ತುಗಳ ಮುಂದೆ, ಮತ್ತು ಯಾವ ಕಾಗದ ಸಾಕು ಎಂಬುದರ ಬಗ್ಗೆ ಒಂದೊಂದು ಕಚೇರಿ ಹೇಳುವ ಒಂದೊಂದು ಮಾತಿನ ಮುಂದೆ.

ಹಿಂದೂಗಳಿಗೆ, ಅಂದರೆ ಕಾನೂನಿನ ಕಣ್ಣಲ್ಲಿ ಬೌದ್ಧ, ಜೈನ, ಸಿಖ್ಖರಿಗೂ, ಎರಡು ದಾರಿಗಳಿವೆ. ಮೊದಲನೆಯದು ದತ್ತಕ ಕಾಯ್ದೆಯದು. ತಾಯಿ ಮಗುವನ್ನು ಕೊಡುತ್ತಾಳೆ, ಮಲತಂದೆ ಸ್ವೀಕರಿಸುತ್ತಾನೆ. ದತ್ತಹೋಮ ಕಡ್ಡಾಯವಲ್ಲ. ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯೆ ಮಾತ್ರ ನಿಜವಾಗಿ ನಡೆದಿರಬೇಕು. ನಂತರ ದತ್ತು ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ, ಸುಳ್ಳೆಂದು ಸಾಬೀತಾಗುವವರೆಗೂ ಕೋರ್ಟು ಅದನ್ನು ನಂಬಬೇಕು. ಕರ್ನಾಟಕದಲ್ಲಿ ದತ್ತು ಪತ್ರದ ಮುದ್ರಾಂಕ ಶುಲ್ಕ 500 ರೂಪಾಯಿ ಇತ್ತು, 2024ರಲ್ಲಿ 1,000ಕ್ಕೆ ಏರಿತು. ನೋಂದಣಿ ಶುಲ್ಕವೂ ಹೊರೆಯೆನಿಸುವಷ್ಟಿಲ್ಲ. ದತ್ತಿಗೆ ಪ್ರತಿಫಲವಾಗಿ ಯಾರಾದರೂ ಹಣ ಕೊಟ್ಟರೆ ಅಥವಾ ಪಡೆದರೆ ಆರು ತಿಂಗಳವರೆಗೆ ಜೈಲು ಎಂಬ ಸೆಕ್ಷನ್ 17 ಇದೇ ಕಾಯ್ದೆಯಲ್ಲಿದೆ. ಹೆತ್ತ ತಂದೆಯ ಒಪ್ಪಿಗೆಗೆ ಬೆಲೆ ಕಟ್ಟಲು ಹೊರಡುವವರು ಇದನ್ನು ಮರೆಯಬಾರದು.

ಇಲ್ಲೊಂದು ತಮಾಷೆಯೂ ಇದೆ. ಹೆಂಡತಿಯಿರುವ ಗಂಡಸು ದತ್ತು ತೆಗೆದುಕೊಂಡರೆ ಅವಳೇ ದತ್ತುತಾಯಿ ಎನ್ನುತ್ತದೆ ಸೆಕ್ಷನ್ 14. ಹಾಗಾಗಿ ಹೆತ್ತ ತಾಯಿ ಎಡಗೈಯಿಂದ ಮಗುವನ್ನು ಕೊಟ್ಟು, ಬಲಗೈಯಿಂದ ಪಡೆದು, ತನ್ನದೇ ಕೂಸಿಗೆ ದತ್ತುತಾಯಿ ಆಗುತ್ತಾಳೆ. ಕಾಯ್ದೆ ಬರೆದವರ ಕಣ್ಮುಂದೆ ಇದ್ದದ್ದು ವಂಶಕ್ಕೆ ಗಂಡು ಸಂತಾನವಿಲ್ಲದ ಮನೆಯೇ ಹೊರತು ಮರುಮದುವೆಯ ಮನೆಯಲ್ಲ. ಪತ್ರ ಬರಹಗಾರರ ಬಳಿ ಸಿಗುವ ಮಾದರಿಗಳಲ್ಲೂ ಅದೇ ನೆರಳು. ‘ನಮಗೆ ಸಂತಾನವಿಲ್ಲದ ಕಾರಣ’ ಎಂಬ ಸಿದ್ಧವಾಕ್ಯ, ಪಕ್ಕದಲ್ಲಿ ಕೂತು ಸಹಿ ಹಾಕುತ್ತಿರುವ ತಾಯಿಯ ಸ್ವಂತ ಮಗುವಿನ ಪತ್ರಕ್ಕೂ ನುಸುಳಿಬಿಡುತ್ತದೆ. ನಾಳೆ ಆಸ್ತಿ ತಕರಾರು ಬಂದರೆ ಎದುರು ವಕೀಲರು ಮೊದಲು ಹಿಡಿಯುವುದು ಈ ಸಾಲನ್ನೇ. ಸಹಿ ಹಾಕುವ ಮುನ್ನ ಪತ್ರವನ್ನು ಪೂರ್ತಿ ಓದಿಸಿ ಕೇಳುವುದಕ್ಕೆ ಶುಲ್ಕವಿಲ್ಲ.

ಅಗ್ಗದ ಈ ದಾರಿ ಯಾರಿಗೆ ಸಿಗುತ್ತದೆ ಎಂದು ನೋಡಿದಾಗ ನಿಜವಾದ ಅಡ್ಡಿಗಳು ಕಾಣುತ್ತವೆ. ಗಂಡು ಮಗುವನ್ನು ದತ್ತು ಪಡೆಯುವವರಿಗೆ ಮಗ, ಮೊಮ್ಮಗ, ಮರಿಮಗ ಯಾರೂ ಇರಬಾರದು. ಹೆಣ್ಣು ಮಗುವಾದರೆ ಮಗಳಾಗಲಿ, ಮಗನ ಮಗಳಾಗಲಿ ಇರಬಾರದು. ಮೊದಲ ಮದುವೆಯಿಂದ ಒಬ್ಬ ಮಗನಿರುವ ವಿಧುರ, ಒಬ್ಬ ಮಗನಿರುವ ವಿಧವೆಯನ್ನು ಮದುವೆಯಾದರೆ ಆ ಎರಡನೆಯ ಹುಡುಗನನ್ನು ಈ ಕಾಯ್ದೆಯಡಿ ದತ್ತು ಪಡೆಯುವಂತಿಲ್ಲ. ಹುಡುಗಿಯಾಗಿದ್ದರೆ ಪಡೆಯಬಹುದಿತ್ತು! ಒಂದೇ ಸೂರಿನಡಿ ಒಟ್ಟಿಗೆ ಊಟ ಮಾಡುವ ಇಬ್ಬರು ಹುಡುಗರಲ್ಲಿ ಒಬ್ಬ ವಾರಸುದಾರ, ಇನ್ನೊಬ್ಬ ಬರೀ ಮನೆಯಲ್ಲಿರುವವ.

ಮಗುವಿಗೆ 15 ವರ್ಷ ತುಂಬಿರಬಾರದು ಎಂಬುದು ಇನ್ನೊಂದು ಷರತ್ತು. ಸಮುದಾಯದ ರೂಢಿ ಒಪ್ಪಿದರಷ್ಟೇ ವಿನಾಯಿತಿ, ಆ ರೂಢಿಯನ್ನು ಸಾಬೀತು ಮಾಡುವ ಹೊಣೆ ನಿಮ್ಮದು. ಗಂಡಸು ಹೆಣ್ಣು ಮಗುವನ್ನು ಅಥವಾ ಹೆಂಗಸು ಗಂಡು ಮಗುವನ್ನು ದತ್ತು ಪಡೆಯುವಾಗ ಇಬ್ಬರ ನಡುವೆ ಕನಿಷ್ಠ 21 ವರ್ಷದ ಅಂತರ ಇರಲೇಬೇಕು. 28ರ ಹೆಂಗಸು ಒಂಬತ್ತು ವರ್ಷದ ಮಗನಿರುವವನನ್ನು ಮದುವೆಯಾದರೆ ಅಂತರ 19, ದತ್ತು ಅಸಾಧ್ಯ. ಅಪರಿಚಿತರ ಮನೆಗೆ ಹೋಗುವ ಮಗುವಿನ ರಕ್ಷಣೆಗೆ ಈ ಅಂತರ ಬೇಕು, ಸರಿ. ಅದಾಗಲೇ ಅವಳ ಕೈತುತ್ತು ತಿಂದು ಬೆಳೆಯುತ್ತಿರುವ ಹುಡುಗನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಎರಡನೆಯ ದಾರಿ 2015ರ ಬಾಲನ್ಯಾಯ ಕಾಯ್ದೆಯದು. ಇದಕ್ಕೆ ಧರ್ಮದ ಗಡಿ ಇಲ್ಲ. ವೈಯಕ್ತಿಕ ಕಾನೂನು ಏನೇ ಹೇಳಲಿ, ಇಷ್ಟಪಟ್ಟವರು ಬಾಲನ್ಯಾಯ ಕಾನೂನಿನಡಿ ದತ್ತು ಪಡೆಯಬಹುದು ಎಂದು ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಇದೇ ದಾರಿ. ಮಗ ಇರಬಾರದು, ಮಗಳು ಇರಬಾರದು ಎಂಬ ತಡೆಗಳು ಇಲ್ಲಿಲ್ಲ. 18 ತುಂಬುವವರೆಗೂ ಅವಕಾಶವಿದೆ. ದತ್ತು ನಿಯಮಾವಳಿಯು ಬೇರೆಯವರಿಗೆ ಹಾಕುವ ವಯೋಮಿತಿ ಮತ್ತು ಎರಡು ವರ್ಷದ ಸ್ಥಿರ ದಾಂಪತ್ಯದ ಷರತ್ತಿನಿಂದ ಮಲಪೋಷಕರಿಗೆ ವಿನಾಯಿತಿ ಕೊಟ್ಟಿದೆ.

ದಂಪತಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಮಗುವಿನ ಜನನ ಪ್ರಮಾಣಪತ್ರ, ಮರುಮದುವೆಯ ನೋಂದಣಿ ಪತ್ರ, ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಡಿಕ್ರಿ, ಒಪ್ಪಿಗೆ ಪತ್ರ ಇವಿಷ್ಟು ಮುಖ್ಯ ಕಾಗದಗಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅವನ್ನು ಪರಿಶೀಲಿಸುತ್ತದೆ. ಮಗು ಯಾರ ಸುಪರ್ದಿಯಲ್ಲಿರಬೇಕು ಎಂಬ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಅದು ಮುಗಿಯುವವರೆಗೆ ಅರ್ಜಿ ಮುಂದೆ ಸಾಗದು. ಮೊದಲು ಆದೇಶ ಕೊಡುತ್ತಿದ್ದದ್ದು ನ್ಯಾಯಾಲಯ. 2021ರ ತಿದ್ದುಪಡಿಯ ನಂತರ, 2022ರ ಸೆಪ್ಟೆಂಬರ್ 1ರಿಂದ, ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ. ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು. ಆದೇಶದಿಂದ ಬಾಧಿತರಾದವರು 30 ದಿನದೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ದತ್ತು ಸಂಸ್ಥೆಯ ಮೂಲಕ ಮಗು ಪಡೆಯುವವರು ಮಕ್ಕಳ ಆರೈಕೆ ನಿಧಿಗೆ ಕಟ್ಟುವಂಥ ಹಣ ಇಲ್ಲಿ ಬೇಕಿಲ್ಲ. ಮಗು ಯಾವ ಸಂಸ್ಥೆಯಿಂದಲೂ ಬಂದದ್ದಲ್ಲವಲ್ಲ.

ಎರಡರಲ್ಲಿ ಮಗುವಿಗೆ ಯಾವುದು ಹಿತ ಎಂದು ಕೇಳಿದರೆ ನನ್ನ ಉತ್ತರ ಎರಡನೆಯದು. ದತ್ತಕ ಕಾಯ್ದೆಯಡಿ ಹೆತ್ತವರು ಪತ್ರ ಮಾಡಿಕೊಡುವಾಗ ಮಗುವನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಹೊಸ ಅಪ್ಪ ಎಂಥವನು ಎಂದು ವಿಚಾರಿಸುವ ಕಣ್ಣೂ ಇಲ್ಲ. ಬಾಲನ್ಯಾಯ ಕಾಯ್ದೆಯಡಿ ಮಗುವಿನ ವಯಸ್ಸು, ತಿಳಿವಳಿಕೆ ನೋಡಿ ಅದರ ಇಷ್ಟವನ್ನು ಪರಿಗಣಿಸಲೇಬೇಕು. ಹನ್ನೆರಡು ವರ್ಷದ ಹುಡುಗಿಯ ತಂದೆಯ ಹೆಸರು ಬದಲಾಗುವಾಗ ಅವಳು ಬಾಯಿ ಬಿಡದೆ ಕೂರಬೇಕಾದ ಕಾಲ ಇದಲ್ಲ.

ಎರಡೂ ದಾರಿಗಳು ಮುಗ್ಗರಿಸುವುದು ಒಪ್ಪಿಗೆಯ ಹತ್ತಿರ. ಹೆತ್ತ ತಂದೆ ತೀರಿಕೊಂಡಿದ್ದರೆ ತಾಯಿಯೊಬ್ಬಳ ನಿರ್ಧಾರ ಸಾಕು. ಬದುಕಿದ್ದರೆ ಅವನ ಒಪ್ಪಿಗೆ ಬೇಕು, ವಿಚ್ಛೇದನವಾಗಿದ್ದರೂ ಬೇಕು. ದತ್ತಕ ಕಾಯ್ದೆ ಮೂರು ವಿನಾಯಿತಿ ಕೊಟ್ಟಿದೆ: ಸಂಪೂರ್ಣವಾಗಿ ಸಂಸಾರ ತ್ಯಜಿಸಿದವ, ಹಿಂದೂ ಧರ್ಮ ಬಿಟ್ಟವ, ಮಾನಸಿಕ ಅಸ್ವಸ್ಥನೆಂದು ಕೋರ್ಟ್ ಘೋಷಿಸಿದವ. ಸನ್ಯಾಸಿಯಾದರೆ ಒಪ್ಪಿಗೆ ಬೇಡ. ಬೇರೆ ಊರಲ್ಲಿ ಇನ್ನೊಂದು ಸಂಸಾರ ಹೂಡಿ, ಹತ್ತು ವರ್ಷದಿಂದ ಮಗುವಿನ ಮುಖ ನೋಡದವನಾದರೆ ಬೇಕು! ‘ಜೀವನಾಂಶದ ಬಾಕಿ ಬಿಟ್ಟುಬಿಡು, ಸಹಿ ಹಾಕುತ್ತೇನೆ’ ಎಂಬ ಚೌಕಾಸಿಗೆ ಇಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ತಂದೆ ಎಲ್ಲಿದ್ದಾನೆಂದೇ ಗೊತ್ತಿಲ್ಲದಿದ್ದರೆ? ಏಳು ವರ್ಷ ಸುಳಿವಿಲ್ಲದವನು ಸತ್ತಿರುವನೆಂದು ಭಾವಿಸಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಸಿವಿಲ್ ದಾವೆ ಹೂಡಬೇಕು. ಒಂಬತ್ತರ ಮಗು ಅಷ್ಟರಲ್ಲಿ ಹದಿನಾರು ದಾಟಿ, ದತ್ತಕ ಕಾಯ್ದೆಯ ವಯೋಮಿತಿಯ ಆಚೆ ಹೋಗಿರುತ್ತದೆ. ವಕೀಲರ ಶುಲ್ಕ, ಪತ್ರಿಕಾ ಪ್ರಕಟಣೆ, ಕೆಲಸಕ್ಕೆ ರಜೆ ಹಾಕಿ ಅಲೆದ ದಿನಗಳು, ಇವನ್ನೆಲ್ಲ ಕೂಡಿದಾಗ ಸಾವಿರ ರೂಪಾಯಿಯ ಛಾಪಾ ಕಾಗದ ಯಾವ ಲೆಕ್ಕ?

ಒಪ್ಪಿಗೆಯ ತಕರಾರು ಇಲ್ಲದ ವಿಧವೆಯರಿಗೂ ದಾರಿ ಸಲೀಸಲ್ಲ. ಗಂಡನನ್ನು ಕಳೆದುಕೊಂಡಾಗ ಎರಡೂವರೆ ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯೊಬ್ಬರ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2022ರ ಜುಲೈ 28ರಂದು. ಅವರು ಮರುಮದುವೆಯಾದಾಗ ಅಜ್ಜ–ಅಜ್ಜಿ ಪೋಷಕತ್ವ ಕೋರಿ ಕೋರ್ಟಿಗೆ ಹೋಗಿದ್ದರು. ದಾಖಲೆಗಳಲ್ಲಿ ಎರಡನೆಯ ಗಂಡನನ್ನು ‘ಮಲತಂದೆ’ ಎಂದೇ ಬರೆಯಿಸಬೇಕು ಎಂದು ಹೈಕೋರ್ಟ್ ಹೇಳಿತ್ತು. ಅದು ಕ್ರೌರ್ಯಕ್ಕೆ ಸಮೀಪದ, ವಿವೇಚನೆಯಿಲ್ಲದ ಸೂಚನೆ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ ಟೀಕಿಸಿತು. ತಂದೆ ತೀರಿದ ಮೇಲೆ ತಾಯಿಯೇ ಸ್ವಾಭಾವಿಕ ಪೋಷಕಿ, ಮಗುವಿನ ಕುಲನಾಮ ತೀರ್ಮಾನಿಸುವ ಮತ್ತು ಎರಡನೆಯ ಗಂಡನಿಗೆ ದತ್ತು ಕೊಡುವ ಹಕ್ಕು ಅವಳದು ಎಂದಿತು. ವಿಧವೆ ಮರುಮದುವೆಯಾದರೆ ಸತ್ತ ಗಂಡನ ಬಂಧುಗಳು ಮಕ್ಕಳ ಪೋಷಕತ್ವಕ್ಕೆ ಅರ್ಜಿ ಹಾಕಬಹುದು ಎಂದು 1856ರ ವಿಧವಾ ಪುನರ್ವಿವಾಹ ಕಾಯ್ದೆಯಲ್ಲೇ ಬರೆದಿತ್ತು. ಆ ಕಾಯ್ದೆ 1983ರಲ್ಲಿ ರದ್ದಾಯಿತು. ಅದರ ಗುಂಗು ಮನೆಗಳಿಂದ ಇನ್ನೂ ಹೋಗಿಲ್ಲ.

ಹಾಗೆಂದು ದತ್ತಿಗೆ ಅವಸರಪಡುವುದೂ ಬೇಡ. ಒಮ್ಮೆ ಆದ ಸಿಂಧು ದತ್ತನ್ನು ದತ್ತಕ ಕಾಯ್ದೆಯಡಿ ಯಾರೂ ರದ್ದು ಮಾಡುವಂತಿಲ್ಲ. ಎರಡನೆಯ ಮದುವೆ ಮುರಿದರೂ ದತ್ತು ತಂದೆ ತಂದೆಯೇ, ಜೀವನಾಂಶದ ಹೊಣೆ ಅವನದೇ. ಇತ್ತ ಹೆತ್ತ ತಂದೆಯ ಕಡೆಯ ಕಾನೂನುಬದ್ಧ ನಂಟು ಕಡಿದುಹೋಗುತ್ತದೆ. ದತ್ತಿಗೆ ಮೊದಲೇ ಮಗುವಿನ ಪಾಲಿಗೆ ಬಂದ ಆಸ್ತಿ ಮಗುವಿನದಾಗಿಯೇ ಉಳಿಯುತ್ತದೆ. ತಂದೆ ತೀರಿಕೊಂಡು ಅವನ ಸ್ವಯಾರ್ಜಿತ ಜಮೀನಿನಲ್ಲಿ ಪಾಲು ಬಂದಿದ್ದರೆ ಅಂಜಬೇಕಿಲ್ಲ. ತಂದೆ ಬದುಕಿದ್ದರೆ ಅವನಿಂದ ಮುಂದೆ ಉತ್ತರಾಧಿಕಾರದಲ್ಲಿ ಬರಬಹುದಾದದ್ದು ಹೋದಂತೆ. ಈ ಲೆಕ್ಕ ಹಾಕದೆ ಶಾಲೆಯ ದಾಖಲಾತಿ ಪುಸ್ತಕದ ಒಂದು ಕಾಲಂಗಾಗಿ ನೋಂದಣಿ ಕಚೇರಿಗೆ ಓಡಿದವರೂ ಇದ್ದಾರೆ.

ಕೆಲವು ಕೆಲಸಗಳಿಗೆ ದತ್ತು ಬೇಕಾಗಿಯೇ ಇಲ್ಲ. ಆಸ್ತಿ ಕೊಡುವುದಷ್ಟೇ ಉದ್ದೇಶವಾದರೆ ಸ್ವಯಾರ್ಜಿತಕ್ಕೆ ಒಂದು ಉಯಿಲು ಸಾಕು. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ನಡೆಯುತ್ತದೆ ಎಂದು 2016ರ ಡಿಸೆಂಬರ್‌ನಲ್ಲೇ ನಿಯಮ ಸಡಿಲಿಸಲಾಗಿದೆ. ಮರುಮದುವೆಯಾಗಿ ಅಮೆರಿಕಕ್ಕೆ ಹೊರಟ ಬೆಂಗಳೂರಿನ ತಾಯಂದಿರು ವೀಸಾಕ್ಕೆಂದೇ ದತ್ತು ಪತ್ರದ ಬೆನ್ನು ಹತ್ತುವುದುಂಟು. ಮಗುವಿಗೆ 18 ತುಂಬುವ ಮೊದಲು ಮದುವೆಯಾಗಿದ್ದರೆ ಅಲ್ಲಿನ ವಲಸೆ ಕಾನೂನು ಮಲಮಗುವನ್ನೂ ಮಗುವೆಂದೇ ಎಣಿಸುತ್ತದೆ.

ಸಂಸತ್ತು ಮಾಡಬೇಕಾದದ್ದು ಬೆಟ್ಟದಷ್ಟಿಲ್ಲ. ಮಗ ಇರಬಾರದು, ಮಗಳು ಇರಬಾರದು, 15 ದಾಟಿರಬಾರದು, 21ರ ಅಂತರ ಇರಬೇಕು ಎಂಬ ಷರತ್ತುಗಳು ಸಂಗಾತಿಯ ಮಗುವಿಗೆ ಅನ್ವಯಿಸವು ಎಂದು ದತ್ತಕ ಕಾಯ್ದೆಗೆ ಒಂದು ಪರಂತುಕ ಸೇರಿಸಬೇಕು. ಅದರ ಜೊತೆಗೆ ಮಗುವನ್ನು ಕೇಳುವ ಒಂದು ಹಂತವೂ ಬೇಕು. ಇಷ್ಟು ವರ್ಷ ಮಗುವನ್ನು ನೋಡಲು ಬಾರದ, ಜೀವನಾಂಶ ಕೊಡದ ತಂದೆ ಅಥವಾ ತಾಯಿಗೆ ನೋಟಿಸು ಕೊಟ್ಟು, ಕಾಲಮಿತಿಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯಿಲ್ಲದೆಯೇ ಮುಂದುವರಿಯುವ ಅವಕಾಶವನ್ನು ಎರಡೂ ಕಾನೂನುಗಳು ಸ್ಪಷ್ಟ ಮಾತಿನಲ್ಲಿ ಕೊಡಬೇಕು. ರಾಜ್ಯ ಸರ್ಕಾರಕ್ಕೆ ಅಷ್ಟೂ ಕಾಯಬೇಕಿಲ್ಲ. ನೋಂದಾಯಿತ ದತ್ತು ಪತ್ರ ಅಥವಾ ಜಿಲ್ಲಾಧಿಕಾರಿಯ ಆದೇಶ ಇದ್ದಾಗ ಇನ್ನೊಂದು ಕೋರ್ಟ್ ಡಿಕ್ರಿ ತನ್ನಿ ಎಂದು ಹಿಂದಕ್ಕೆ ಕಳುಹಿಸಬಾರದು ಎಂದು ಜನನ ನೋಂದಣಾಧಿಕಾರಿಗಳಿಗೂ ಶಾಲಾ ಶಿಕ್ಷಣ ಇಲಾಖೆಗೂ ಸುತ್ತೋಲೆ ಹೊರಡಿಸಲು ಯಾವ ತಿದ್ದುಪಡಿಯೂ ಬೇಡ.

ಅಲ್ಲಿಯವರೆಗೆ ಖರ್ಚಿಗೆ ಹೆದರಿ ಕೂತ ತಾಯಂದಿರಿಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯಿದೆ. ಅಲ್ಲಿಗೆ ಹೋಗಲಾಗದಿದ್ದರೆ ಸಹಾಯವಾಣಿ 15100ಕ್ಕೆ ಕರೆ ಮಾಡಿ.